ನಿಮಗಿದು ಗೊತ್ತೇ? ಟ್ರಂಕಿನ ಮೈಮೇಲಿನ ಗೆರೆ

● ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಗುಬ್ಬಿಯ ಪಕ್ಕದ ತುಮಕೂರಿಗೆ ಬೆಂಗಳೂರಿನಿಂದ ರೈಲು ಬಂದದ್ದೂ ಅದೇ ವರ್ಷ! ಮುಂದೆ ಗುಬ್ಬಿ ವೀರಣ್ಣನವರ ಕಾಲಕ್ಕೆ ಕಂಪನಿ ಊರೂರು ಸುತ್ತಿತು. ‘ಕ್ಯಾಂಪ್’ ಎತ್ತಿದರೆ ಪರದೆ, ಕಿರೀಟ, ಗದೆ, ಸೀರೆ, ಅಡುಗೆ ಪಾತ್ರೆ ಎಲ್ಲವೂ ಪೆಟ್ಟಿಗೆ ಸೇರಿ ಹೊರಡಬೇಕು. ‘ಕುರುಕ್ಷೇತ್ರ’ ನಾಟಕದಲ್ಲಂತೂ ರಂಗದ ಮೇಲೆ ನಿಜವಾದ ಆನೆ, ಕುದುರೆ. ಅವು ಯಾವ ಪೆಟ್ಟಿಗೆಗೂ ಹಿಡಿಯುವಂಥವಲ್ಲ, ಬಿಡಿ.

● ಉತ್ತರ ಕರ್ನಾಟಕದ ನಾಟಕ ಕಂಪನಿಯಲ್ಲಿ ‘ಪೇಟಿ ತಗೊಂಡು ಬಾ’ ಎಂದರೆ ಬಟ್ಟೆಯ ಟ್ರಂಕು ತಂದಿಟ್ಟೀರಿ, ಜೋಕೆ. ಅಲ್ಲಿ ಪೇಟಿ ಎಂದರೆ ಹಾರ್ಮೋನಿಯಂ.

● ತಗಡಿನ ಟ್ರಂಕಿನ ಮೇಲೆ ಒತ್ತಿದ ಉಬ್ಬುಗೆರೆ ಬರೀ ಅಂದಕ್ಕಲ್ಲ. ತೆಳು ತಗಡು ಬಳುಕುತ್ತದೆ, ಮಡಿಕೆ ಬಿದ್ದರೆ ಸೆಟೆದು ನಿಲ್ಲುತ್ತದೆ. ನಂಬಿಕೆ ಬಾರದಿದ್ದರೆ ಒಂದು ಹಾಳೆಯನ್ನು ಬೀಸಣಿಗೆಯ ಹಾಗೆ ಮಡಿಚಿ, ಮೇಲೆ ಪೆನ್ನು ಇಟ್ಟು ನೋಡಿ. ಕೊಟ್ಟಿಗೆಗೆ ಹೊದಿಸುವ ಶೀಟು ಅಲೆಅಲೆಯಾಗಿರುವುದೂ ಇದಕ್ಕೇ.

● ಈ ಉಪಾಯ ಆಕಾಶಕ್ಕೂ ಹಾರಿದೆ. ಜರ್ಮನಿಯ ಹ್ಯೂಗೊ ಯುಂಕರ್ಸ್ ಕಂಪನಿಯ ಎಫ್-13, ಪೂರ್ತಿ ಲೋಹದ ಮೊದಲ ಪ್ರಯಾಣಿಕ ವಿಮಾನ. ವರ್ಷ 1919. ಮೈತುಂಬ ಗೆರೆಗೆರೆ ತಗಡು!

● ಆ ವಿಮಾನದ ಗೆರೆಯನ್ನೇ ಪೆಟ್ಟಿಗೆಗೆ ಇಳಿಸಿದವರು ಅದೇ ಜರ್ಮನಿಯ ಕಲೋನ್ ಊರಿನ ರಿಮೋವಾ ಕಂಪನಿಯವರು. ಪೌಲ್ ಮೋರ್ಶೆಕ್ 1898ರಲ್ಲಿ ಕಂಪನಿ ಶುರುಮಾಡಿದಾಗ ಅಲ್ಲಿ ತಯಾರಾಗುತ್ತಿದ್ದದ್ದು ಮರದ ಪೆಟ್ಟಿಗೆ. 1930ರ ದಶಕದಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಮರ, ಚರ್ಮ ಬೂದಿಯಾಗಿ ಅಲ್ಯೂಮಿನಿಯಂ ಮಾತ್ರ ಉಳಿಯಿತು ಎನ್ನುವುದು ಕಂಪನಿ ಹೇಳಿಕೊಳ್ಳುವ ಕಥೆ. 1937ರಲ್ಲಿ ಮಗ ರಿಚರ್ಡ್ ಅಲ್ಯೂಮಿನಿಯಂ ಟ್ರಂಕು ಮಾಡಿದ. ಗೆರೆ ಬಂದದ್ದು 1950ರಲ್ಲಿ. ತಗಡಿನ ಕಸುಬಿನವರ ಗುಟ್ಟು ವಿಮಾನ ಹತ್ತಿ ಮತ್ತೆ ಟ್ರಂಕಿಗೇ ಇಳಿದ ಹಾಗಾಯಿತು!

● ರಿಮೋವಾ ಹೆಸರಲ್ಲಿರುವುದು ರಿ-ಚರ್ಡ್, ಮೋ-ರ್ಶೆಕ್, ವಾ-ರನ್‌ತ್ಸೈಖನ್. ಕೊನೆಯ ಮಾತಿಗೆ ಜರ್ಮನ್‌ನಲ್ಲಿ ‘ಟ್ರೇಡ್‌ಮಾರ್ಕ್’ ಎಂದರ್ಥ. 2016ರಲ್ಲಿ ಈ ಕಂಪನಿಯ ಶೇ. 80 ಪಾಲಿಗೆ ಫ್ರಾನ್ಸಿನ ಎಲ್‌ವಿಎಂಎಚ್ ಕಂಪನಿ ಒಪ್ಪಿದ ಬೆಲೆ 64 ಕೋಟಿ ಯೂರೊ.

● ಇತ್ತ ತುಮಕೂರು ಹಾಸ್ಟೆಲುಗಳ ಊರು. ಸಿದ್ಧಗಂಗಾ ಮಠವೊಂದರಲ್ಲೇ ಸಾವಿರಾರು ಮಕ್ಕಳು ಉಳಿದು ಓದುತ್ತಾರೆ. ಹಾಸ್ಟೆಲಿನ ಹುಡುಗನಿಗೆ ಟ್ರಂಕೇ ಬೀರು, ಅದರ ಮುಚ್ಚಳವೇ ಬರೆಯುವ ಮೇಜು. ಅಕ್ಕಪಕ್ಕ ಎಲ್ಲವೂ ಒಂದೇ ಬಣ್ಣದವು. ತನ್ನದು ಗುರುತು ಹತ್ತುವುದು ಮೇಲೆ ಪೇಂಟಿನಲ್ಲಿ ಬರೆಸಿದ ಹೆಸರು, ಊರು, ‘ಕುಣಿಗಲ್ ತಾ.’ ನೋಡಿ.