ಸುಳ್ಳು ಸಹಾಯವಾಣಿಗೆ ಹಣ ಹೋದರೆ ತಕ್ಷಣ ಏನು ಮಾಡಬೇಕು?

ಬಿತ್ತನೆಯ ದಿನಗಳಲ್ಲಿ ಬೀಜ, ಗೊಬ್ಬರ, ಔಷಧಿಗಳ ಖರೀದಿ ಒಟ್ಟೊಟ್ಟಿಗೆ ಬರುತ್ತದೆ. ಈಗ ಅನೇಕ ರೈತರು ಅಂಗಡಿಯಲ್ಲಿ ಫೋನಿನಿಂದಲೇ ಹಣ ಕೊಡುತ್ತಾರೆ. ಒಮ್ಮೊಮ್ಮೆ ಖಾತೆಯಲ್ಲಿ ಹಣ ಕಡಿತವಾಗಿರುತ್ತದೆ, ಆದರೆ ಅಂಗಡಿಯವರಿಗೆ ತಲುಪಿರುವುದಿಲ್ಲ. ಗಾಬರಿಯಾದ ರೈತರು ಅಂತರ್ಜಾಲದಲ್ಲಿ 'ಕಸ್ಟಮರ್ ಕೇರ್' ನಂಬರು ಹುಡುಕುತ್ತಾರೆ. ಮೋಸಗಾರರು ಕಾದು ಕುಳಿತಿರುವುದು ಅಲ್ಲಿಯೇ. ತಮ್ಮ ನಂಬರನ್ನೇ ಬ್ಯಾಂಕಿನ ನಂಬರೆಂದು ಅಲ್ಲಿ ಹಾಕಿರುತ್ತಾರೆ.

ಮೋಸ ನಡೆಯುವ ಬಗೆ

ಕರೆ ಎತ್ತಿದವನು ಬಹಳ ಮರ್ಯಾದೆಯಿಂದ ಮಾತನಾಡುತ್ತಾನೆ. "ನಿಮ್ಮ ಫೋನಿನಲ್ಲಿ ದೋಷವಿದೆ, ಈ ಆ್ಯಪ್ ಹಾಕಿಕೊಳ್ಳಿ, ನಾನು ಇಲ್ಲಿಂದಲೇ ಸರಿಪಡಿಸುತ್ತೇನೆ" ಎನ್ನುತ್ತಾನೆ. ದೂರದ ಯಂತ್ರವನ್ನು ರಿಪೇರಿ ಮಾಡಲೆಂದು ತಯಾರಾದ ಎನಿಡೆಸ್ಕ್‌ನಂಥ ಆ್ಯಪ್‌ಗಳು ಇಲ್ಲಿ ಕಳ್ಳರ ಕೈಗೆ ಸಿಗುತ್ತವೆ. ನಿಮ್ಮ ಫೋನಿನ ಪರದೆ ಅವನಿಗೆ ಕಾಣಿಸತೊಡಗುತ್ತದೆ. ನೀವು ಒತ್ತುವ ಪಿನ್, ಬರುವ ಒ.ಟಿ.ಪಿ. ಎರಡೂ ಅವನ ಕಣ್ಣೆದುರಿಗೇ ಇರುತ್ತವೆ. ಈ ಬಗೆಯ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು.

ಮೊದಲು ಒಡ್ಡು ಕಟ್ಟಿ

ಕಾಲುವೆ ಒಡೆದಾಗ ಎಷ್ಟು ನೀರು ಹೋಯಿತೆಂದು ಲೆಕ್ಕ ಹಾಕುತ್ತಾ ನಿಲ್ಲುವುದಿಲ್ಲ, ಮೊದಲು ಒಡ್ಡು ಕಟ್ಟುತ್ತೇವೆ. ಇಲ್ಲಿಯೂ ಹಾಗೆಯೇ. ಹಣ ಹೋದದ್ದು ತಿಳಿದ ಕ್ಷಣವೇ ಕೆಳಗಿನ ಕ್ರಮ ಅನುಸರಿಸಿ.

1. ಕರೆ ಕಡಿದು ಫೋನಿನ ಇಂಟರ್‌ನೆಟ್ ನಿಲ್ಲಿಸಿ. ಏನೂ ತೋಚದಿದ್ದರೆ ಫೋನನ್ನೇ ಆರಿಸಿಬಿಡಿ.

2. ಮನೆಯವರ ಅಥವಾ ನೆರೆಯವರ ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ಹಣದ ಮೋಸಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮೊತ್ತ, ದಿನ, ಸಮಯ ಮತ್ತು ವ್ಯವಹಾರದ ಸಂಖ್ಯೆಯನ್ನು ಹೇಳಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ನಗದಾಗುವ ಮೊದಲು ಅದನ್ನು ತಡೆಹಿಡಿಯುವುದೇ ಈ ಕರೆಯ ಉದ್ದೇಶ. ಆದ್ದರಿಂದ ಸಂಜೆಗೆ ನೋಡೋಣ, ಸೋಮವಾರ ಬ್ಯಾಂಕಿಗೆ ಹೋಗೋಣ ಎಂದು ಕಾಯಬಾರದು.

3. ಪಾಸ್‌ಬುಕ್ಕಿನ ಮೇಲೆ ಅಥವಾ ಎ.ಟಿ.ಎಂ. ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ನಂಬರಿಗೆ ಕರೆ ಮಾಡಿ ಖಾತೆ, ಕಾರ್ಡು, ಯು.ಪಿ.ಐ. ಮೂರನ್ನೂ ನಿಲ್ಲಿಸಲು ಹೇಳಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಶಾಖೆ ತೆರೆದ ಕೂಡಲೇ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ.

4. ಸಂದೇಶಗಳನ್ನು ಅಳಿಸಬೇಡಿ. ಅವನ ನಂಬರು, ಬ್ಯಾಂಕಿನ ಸಂದೇಶ, ಖಾತೆಯ ಪಟ್ಟಿ ಇವೇ ನಿಮ್ಮ ಸಾಕ್ಷಿ.

5. ಪೊಲೀಸ್ ಠಾಣೆಗೆ ದೂರು ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದು.

ನಷ್ಟ ಯಾರ ಪಾಲಿಗೆ?

2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆ ಈ ವಿಷಯವನ್ನು ಸ್ಪಷ್ಟಪಡಿಸಿತು. ಗ್ರಾಹಕರು ತಾವಾಗಿಯೇ ಗುಟ್ಟಿನ ಸಂಖ್ಯೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕು ಹೊಣೆ. ಅಂದರೆ ದೂರು ಕೊಟ್ಟ ಗಳಿಗೆಯೇ ಗಡಿಗಲ್ಲು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ.

ತಡೆಹಿಡಿದ ಹಣ ತಾನಾಗಿಯೇ ಖಾತೆಗೆ ಬಂದು ಬೀಳುವುದಿಲ್ಲ. ಬ್ಯಾಂಕು, ಪೊಲೀಸರು, ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯದ ಆದೇಶ ಎಲ್ಲವೂ ಆಗಬೇಕು. ಪೂರ್ತಿ ಹಣ ಸಿಕ್ಕೇ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು. ಕಾಗದಪತ್ರಗಳನ್ನು ಒಂದೇ ಕಡೆ ಜೋಡಿಸಿಟ್ಟುಕೊಂಡು ಬೆನ್ನು ಹತ್ತಬೇಕು.

ಫೋನನ್ನು ಶುದ್ಧಿ ಮಾಡುವುದು

ಕಳೆ ಕಿತ್ತರೂ ಗಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ. ಅವನು ಹಾಕಿಸಿದ ಆ್ಯಪ್ ತೆಗೆದರಷ್ಟೇ ಸಾಲದು. ಸಾಕ್ಷಿಯ ಸಂದೇಶಗಳನ್ನು ಮುದ್ರಿಸಿಟ್ಟು, ಫೋಟೋಗಳನ್ನು ಬೇರೆಡೆ ಉಳಿಸಿ, ತಿಳಿದವರಿಂದ ಫೋನನ್ನು ಪೂರ್ತಿ ರೀಸೆಟ್ ಮಾಡಿಸುವುದು ಕ್ಷೇಮ. ಪಿನ್ ಮತ್ತು ಪಾಸ್‌ವರ್ಡುಗಳನ್ನು ಆ ನಂತರವೇ ಬದಲಿಸಿ. ಮೊದಲೇ ಬದಲಿಸಿದರೆ ಹೊಸದೂ ಅವನ ಕೈ ಸೇರೀತು. ನಿಮ್ಮ ಹೆಸರಿನಲ್ಲಿ ಫೋನಿನ ಮೂಲಕ ಸಾಲ ಎತ್ತಿದ್ದಾರೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ಎರಡನೆಯ ಬಲೆ

ಕೆಲವು ದಿನಗಳಾದ ಮೇಲೆ "ಸೈಬರ್ ಇಲಾಖೆಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಶುಲ್ಕ ಕಟ್ಟಿ" ಎಂಬ ಕರೆ ಬರಬಹುದು. ಇದೂ ಮೋಸವೇ. ಹಣ ಬರಲು ಹಣ ಕಟ್ಟಬೇಕಾಗಿಲ್ಲ. ಯು.ಪಿ.ಐ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಅದು ಬೇಕಿಲ್ಲ.

ಮುಂದಿನ ಎಚ್ಚರ

ಅಂಗಡಿಗೆ ಕೊಟ್ಟ ಹಣ ನಡುವೆ ಸಿಕ್ಕಿಕೊಂಡರೆ ಅವಸರಪಡಬೇಡಿ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮದಂತೆ ಇಂಥ ಯು.ಪಿ.ಐ. ಹಣ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರವುಂಟು. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಆ್ಯಪ್ ಕಡತಗಳನ್ನು ತೆರೆಯಬೇಡಿ. ಬೆಳೆ ಮಾರಿದ ಹಣ ಒಂದು ಖಾತೆಯಲ್ಲಿರಲಿ; ಫೋನಿಗೆ ಜೋಡಿಸಿದ ಖಾತೆ ಬೇರೆಯಿದ್ದು, ಅದರಲ್ಲಿ ವಾರದ ಖರ್ಚಿನಷ್ಟೇ ಇರಲಿ.

ಊರಿನವರು ನಕ್ಕಾರೆಂದು ಮೋಸಹೋದವರು ಬಾಯಿ ಬಿಡುವುದಿಲ್ಲ. ಆ ಮೌನವೇ ಕಳ್ಳನಿಗೆ ಸಮಯ ಕೊಡುತ್ತದೆ. ಓದಿದ ನೌಕರರೂ ಈ ಬಲೆಗೆ ಬಿದ್ದಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. 1930 ಎಂಬ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೂ ವಾಚನಾಲಯದ ಫಲಕದ ಮೇಲೂ ಇಂದೇ ದಪ್ಪಕ್ಷರಗಳಲ್ಲಿ ಬರೆದಿಡಿ.