ಕೆಲಸದ ಸ್ಥಳವೇ ಪಾಠಶಾಲೆ

ಬೌದ್ಧಿಕ ನ್ಯೂನತೆಯುಳ್ಳ ಮಗನೋ ಮಗಳೋ ಪ್ರಾಯಕ್ಕೆ ಬಂದು ವಿಶೇಷ ಶಾಲೆಯ ದಿನಗಳು ಮುಗಿದೊಡನೆ, ಇನ್ನು ಮುಂದೇನೆಂಬ ಚಿಂತೆ ತಂದೆತಾಯಿಗಳನ್ನು ಆವರಿಸುತ್ತದೆ. ಅನೇಕರಿಗೆ ದೊರಕುವ ಉತ್ತರ ಒಂದು ತರಬೇತಿ ಕೇಂದ್ರ. ಅಲ್ಲಿ ಮೇಣದಬತ್ತಿ, ಕಾಗದದ ಲಕೋಟೆ, ಮತ್ತು ವರ್ಷಗಳುರುಳಿದರೂ ಮುಗಿಯದ ಪೂರ್ವಸಿದ್ಧತೆ. ಕಲಿಸುವವರ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಯಾವ ಉದ್ಯೋಗಕ್ಕಾಗಿ ಸಿದ್ಧಗೊಳಿಸುತ್ತಿದ್ದೇವೆಂಬುದೇ ನಿಶ್ಚಯವಾಗದಿರುವಾಗ, ಆ ಸಿದ್ಧತೆಗೆ ಕೊನೆ ಬರುವುದಾದರೂ ಎಂತು?

ಇಂಥವರ ಕಲಿಯುವ ಶಕ್ತಿಯ ಬಗ್ಗೆ ನಮಗಿರುವ ಅಂದಾಜೇ ತಪ್ಪೆಂಬುದನ್ನು ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ವಿದ್ವಾಂಸರು 1970ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಆಶ್ರಿತ ಕಾರ್ಯಾಗಾರಗಳಲ್ಲಿದ್ದ (ನ್ಯೂನತೆಯುಳ್ಳವರಿಗೆಂದೇ ಪ್ರತ್ಯೇಕವಾಗಿ ನಡೆಸುವ ದುಡಿಮೆಯ ಕೇಂದ್ರಗಳವು), ಮಧ್ಯಮ ಅಥವಾ ತೀವ್ರ ನ್ಯೂನತೆಯವರೆಂದು ಪರಿಗಣಿತರಾದವರ ಮುಂದೆ ಸೈಕಲ್ ಬ್ರೇಕೊಂದರ 15 ಬಿಡಿಭಾಗಗಳನ್ನಿಟ್ಟು, ಮಾತು ಕಡಿಮೆಮಾಡಿ ಕೈಹಿಡಿದು ಜೋಡಿಸಲು ಕಲಿಸಿದಾಗ, ಬಹುತೇಕ ಎಲ್ಲರೂ ಕಲಿತರು. ಪ್ರತಿ ಭಾಗವನ್ನು ಸರಿಯಾಗಿ ಹಿಡಿದಾಗ ಕಲಿಯುವವನ ಕಣ್ಣಿಗೆ ಕಾಣುವ ಮುಖಕ್ಕೆ ಕೆಂಪು ಬಣ್ಣ ಬಳಿದಿಟ್ಟಲ್ಲಿ ಕಲಿಕೆ ಇನ್ನಷ್ಟು ಶೀಘ್ರವಾಯಿತು. ಕಲಿಯಲಾರನೆಂದು ತೀರ್ಪು ಕೊಡುವ ಮೊದಲು, ಕಲಿಸುವ ಕ್ರಮವನ್ನು ಬದಲಿಸಿ ನೋಡಬೇಕೆಂಬುದು ಅವರ ನಿಲುವು.

ಈ ವಿಚಾರವು ನಿಜವಾದ ಉದ್ಯೋಗಸ್ಥಳವನ್ನು ಹೊಕ್ಕ ಬಗೆಗೆ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆ ಒಳ್ಳೆಯ ನಿದರ್ಶನ. ಅಲ್ಲಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಚಿಕಿತ್ಸಾ ಸಾಮಗ್ರಿಗಳನ್ನು ಕಪಾಟುಗಳಿಗೆ ತುಂಬಿಡುವ ಕೆಲಸಕ್ಕೆ ಬಂದವರು ಬಹುಕಾಲ ನಿಲ್ಲುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥೆಯಾಗಿದ್ದ ದಾದಿ ಎರಿನ್ ರೀಲಿ, ನ್ಯೂನತೆಯುಳ್ಳ ತರುಣರು ಇದನ್ನೇಕೆ ನಿರ್ವಹಿಸಬಾರದೆಂದು ಯೋಚಿಸಿ, ವಿಶೇಷ ಶಿಕ್ಷಣ ಕ್ಷೇತ್ರದ ಸೂಸೀ ರುಟ್ಕೌಸ್ಕಿಯವರೊಡಗೂಡಿ 1996ರಲ್ಲಿ ಆರಂಭಿಸಿದ ಕಾರ್ಯಕ್ರಮವೇ ‘ಪ್ರಾಜೆಕ್ಟ್ ಸರ್ಚ್’. ಶಾಲೆಯ ಕೊನೆಯ ವರ್ಷವನ್ನು ವಿದ್ಯಾರ್ಥಿಗಳು ಉದ್ಯೋಗಸ್ಥಳದಲ್ಲೇ ಕಳೆಯುತ್ತಾರೆ. ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ದುಡಿದು, ತಮಗೊಗ್ಗುವುದು ಯಾವುದೆಂಬುದನ್ನು ಕಂಡುಕೊಳ್ಳುತ್ತಾರೆ. ಮೊದಲು ತರಬೇತಿ, ಅನಂತರ ನೌಕರಿ ಎಂಬ ಹಳೆಯ ಕ್ರಮ ಇಲ್ಲಿ ತಿರುವುಮುರುವಾಗುತ್ತದೆ.

ಹೀಗೆ ಕೆಲಸದಲ್ಲೇ ಕಲಿಯುವವನ ಜೊತೆಗೆ ಒಬ್ಬ ಮಾರ್ಗದರ್ಶಿ ಇರುತ್ತಾನೆ. ಅವನ ಕೆಲಸವೇನೆಂಬುದನ್ನು ನಮ್ಮೂರಿನ ಹೋಟೆಲನ್ನೇ ಕಣ್ಣಮುಂದಿಟ್ಟುಕೊಂಡು ನೋಡೋಣ. ‘ಟೇಬಲ್ ಒರೆಸು’ ಎಂಬುದು ನಮ್ಮ ಪಾಲಿಗೆ ಒಂದೇ ಮಾತು. ಹೊಸಬನ ಪಾಲಿಗೆ ಅದು ತಟ್ಟೆ ಲೋಟಗಳನ್ನೆತ್ತುವುದು, ಬಟ್ಟೆಯನ್ನು ಅದ್ದಿ ಹಿಂಡುವುದು, ಆಚೆಯ ಅಂಚಿನಿಂದ ತನ್ನತ್ತ ಒರೆಸುತ್ತ ಬರುವುದು, ಅಗುಳುಗಳನ್ನು ನೆಲಕ್ಕೆ ಬೀಳಿಸದೆ ಬಕೆಟ್ಟಿಗೆ ಹಾಕುವುದು, ಮತ್ತು ಎಲ್ಲಕ್ಕಿಂತ ಕಷ್ಟವಾದದ್ದೆಂದರೆ, ಸಾಕೆಂದು ನಿಲ್ಲಿಸುವುದು. ಒಂದೊಂದು ಹಂತಕ್ಕೂ ಒಂದೊಂದು ಚಿತ್ರ ಬರೆದು ಗೋಡೆಗೆ ಅಂಟಿಸಿ, ಶುಚಿಯಾದ ಟೇಬಲ್ಲಿನ ಫೋಟೋವನ್ನು ಕೊನೆಯಲ್ಲಿಟ್ಟರೆ, ನಿಲ್ಲಿಸಬೇಕಾದ ಘಳಿಗೆ ಹೊಸಬನಿಗೆ ತಾನಾಗಿ ತಿಳಿಯುತ್ತದೆ. ಮಾರ್ಗದರ್ಶಿ ಮೊದಲ ವಾರಗಳಲ್ಲಿ ಪಕ್ಕದಲ್ಲಿದ್ದು, ಬರಬರುತ್ತ ದೂರ ಸರಿದು, ಸಹೋದ್ಯೋಗಿಗಳೇ ಅವನ ಸ್ಥಾನವನ್ನು ತುಂಬುವಂತೆ ಮಾಡಬೇಕು. ಈ ಹಿಂದೆ ಸರಿಯುವಿಕೆಯೇ ಅವನ ವಿದ್ಯೆಯ ನಿಜವಾದ ಪರೀಕ್ಷೆಯೆಂದು ನನಗೆ ತೋರುತ್ತದೆ.

ನ್ಯೂನತೆಯುಳ್ಳವರು ನಿಜವಾದ ಉದ್ಯೋಗಸ್ಥಳದಲ್ಲಿ ದುಡಿಯುವುದು ಕರ್ನಾಟಕಕ್ಕೂ ಅಪರಿಚಿತವಲ್ಲ. 2017ರಲ್ಲಿ ಹುಬ್ಬಳ್ಳಿಯಲ್ಲಿ ಅಲಿನಾ ಆಲಂ ಅವರು ಆರಂಭಿಸಿದ ‘ಮಿಟ್ಟಿ ಕೆಫೆ’ ನಾನಾ ಬಗೆಯ ನ್ಯೂನತೆಯುಳ್ಳವರಿಂದಲೇ ನಡೆಯುವ ಉಪಾಹಾರ ಗೃಹವಾಗಿ ಬೆಳೆದು, 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೂ ತಲುಪಿತು.

ಕಾನೂನು ಮಾತ್ರ ತಡವಾಗಿ ಎಚ್ಚೆತ್ತಿತು. ನ್ಯೂನತೆಯುಳ್ಳವರ ಕುರಿತ 1995ರ ಕಾಯಿದೆಯು ಬೌದ್ಧಿಕ ನ್ಯೂನತೆಯನ್ನು ಗುರುತಿಸಿದರೂ, ಸರಕಾರಿ ಹುದ್ದೆಗಳ ಶೇಕಡಾ 3ರ ಮೀಸಲಾತಿಯಲ್ಲಿ ಅದಕ್ಕೆ ಪಾಲು ಕೊಡಲಿಲ್ಲ. 2016ರ ಕಾಯಿದೆ ಮೀಸಲಾತಿಯನ್ನು ಶೇಕಡಾ 4ಕ್ಕೇರಿಸಿ, ಅದರೊಳಗೆ ಶೇಕಡಾ 1ನ್ನು ಆಟಿಸಂ, ಬೌದ್ಧಿಕ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಾಸ್ಥ್ಯ ಹಾಗೂ ಬಹುವಿಧ ನ್ಯೂನತೆಯುಳ್ಳವರ ಪಾಲಿಗಿಟ್ಟಿತು. ಆದರೆ ಪರೀಕ್ಷೆಯ ಉತ್ತರಪತ್ರಿಕೆಯನ್ನೇ ಯೋಗ್ಯತೆಯ ಅಳತೆಗೋಲಾಗಿಸಿದ ನೇಮಕಾತಿಯಲ್ಲಿ, ಓದಲಾರದಿದ್ದರೂ ಕೆಲಸ ಬಲ್ಲವನಿಗೆ ಆ ಪಾಲು ದಕ್ಕುವುದು ದುಸ್ತರ. ಅಂಥವರ ಕೌಶಲವನ್ನು ಕೆಲವು ವಾರ ಕೆಲಸಮಾಡಿಸಿಯೇ ನಿರ್ಣಯಿಸುವುದು ನ್ಯಾಯ. ಖಾಸಗಿ ಮಾಲೀಕರಿಗಂತೂ ಮೀಸಲಾತಿಯ ನಿರ್ಬಂಧವೇ ಇಲ್ಲ. ಅವರನ್ನು ಪ್ರೋತ್ಸಾಹಿಸಬೇಕೆಂದು ಸರಕಾರಕ್ಕೆ ಹೇಳಿ ಕಾಯಿದೆ ಸುಮ್ಮನಾಗುತ್ತದೆ.

ಸಂಬಳದ ವಿಷಯದಲ್ಲಿ ನನ್ನದು ಖಂಡಿತವಾದ ಅಭಿಪ್ರಾಯ. ಹಬ್ಬಕ್ಕೊಂದು ಜೊತೆ ಬಟ್ಟೆ, ತಿಂಗಳಿಗಿಷ್ಟು ಕೈಖರ್ಚು ಕೊಟ್ಟು ದುಡಿಸಿಕೊಳ್ಳುವುದು ದಯೆಯಲ್ಲ, ಶೋಷಣೆ. ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವವನಿಗೆ ಸಲ್ಲುವ ಸಂಬಳ, ರಜೆ, ಭವಿಷ್ಯನಿಧಿ ನ್ಯೂನತೆಯುಳ್ಳ ಇವನಿಗೂ ಸಲ್ಲಬೇಕು. ಅದು ಇವನ ಹೆಸರಿನ ಖಾತೆಗೇ ಜಮೆಯಾಗಬೇಕು.