ಹೊಂಡೆಲಿ ಯಾವ ಲೆಕ್ಕದಲ್ಲಿದೆ?

ಬೆರಳುದ್ದವೂ ಇಲ್ಲದ ಬೆಳ್ಳಿ ಮೈಯ ಮೀನು. ಲಕ್ಷದ್ವೀಪದ ಮಿನಿಕಾಯ್ ದ್ವೀಪದವರ ಬಾಯಲ್ಲಿ ಹೊಂಡೆಲಿ. ಟ್ಯೂನಾ ದೋಣಿಯವರು ಅದನ್ನು ಹಿಡಿಯುವುದು ತಿನ್ನಲಿಕ್ಕಲ್ಲ, ಮಾರಲಿಕ್ಕೂ ಅಲ್ಲ. ಮತ್ತೆ ಸಮುದ್ರಕ್ಕೇ ಎಸೆಯಲಿಕ್ಕೆ! ಲಕ್ಷದ್ವೀಪಕ್ಕೆ ಹೋಗಿಬಂದವರು ನೀಲಿ ನೀರಿನ ಫೋಟೊ ತೋರಿಸುತ್ತಾರೆ. ನನಗೆ ಮಾತ್ರ ಈ ಪುಟಾಣಿ ಮೀನೇ ತಲೆಯಲ್ಲಿ ಕೂತಿದೆ.

ಬೆಳಗಿನ ಹೊತ್ತು ಲಗೂನಿನ ತಳದಲ್ಲಿ ಬಲೆ ಹಾಸಿ, ಮೇಲೆ ಹೊಂಡೆಲಿ ನೆರೆದಾಗ ನಾಲ್ಕೂ ಕಡೆಯಿಂದ ಎತ್ತುತ್ತಾರೆ. ಅದು ಜೀವಂತ ಇರಲೇಬೇಕು. ಅದಕ್ಕಾಗಿ ದೋಣಿಯ ಹೊಟ್ಟೆಯಲ್ಲೇ ಕಡಲ ನೀರು ಹರಿದಾಡುವ ತೊಟ್ಟಿ ಇದೆ. ಹೊರಗಡಲಲ್ಲಿ ಟ್ಯೂನಾ ಹಿಂಡು ಕಂಡಿತೋ, ಒಬ್ಬ ಹೊಂಡೆಲಿಯನ್ನು ಹಿಡಿಹಿಡಿಯಾಗಿ ಎರಚುತ್ತಾನೆ, ನೀರನ್ನೂ ಚಿಮ್ಮಿಸುತ್ತಾರೆ. ಟ್ಯೂನಾಗಳಿಗೆ ಹುಚ್ಚು ಹಿಡಿಯುತ್ತದೆ. ಹಿಂಬದಿಯಲ್ಲಿ ಸಾಲಾಗಿ ನಿಂತವರ ಕೋಲುಗಾಳಕ್ಕೆ ಎರೆಯೇ ಇರುವುದಿಲ್ಲ, ಕೊಕ್ಕೆಗೆ ಮುಳ್ಳೂ ಇಲ್ಲ. ಮೀನು ಕಚ್ಚಿದ್ದೇ ಕೋಲು ಮೇಲೆ, ಮೀನು ಬೆನ್ನ ಹಿಂದೆ ಹಲಗೆಯ ಮೇಲೆ. ಇದನ್ನು ನೋಡುತ್ತಾ ನಾನು ಲೆಕ್ಕವನ್ನೇ ಮರೆತೆ ಎನ್ನಬೇಕು.

ಸರ್ಕಾರಿ ಅಂಕಿ ಶುರುವಾಗುವುದು ಮೀನು ದಡಕ್ಕೆ ಬಂದ ಮೇಲೆ. ಹೊಂಡೆಲಿ ದಡಕ್ಕೇ ಬರುವುದಿಲ್ಲ. ದಿನಕ್ಕೆ ಎಷ್ಟು ಬೇಕಾಗುತ್ತದೆ ಎಂದು ದೋಣಿಯ ಹಿರಿಯರೊಬ್ಬರನ್ನು ಕೇಳಿದರೆ, "ಅದನ್ನು ಯಾರು ತೂಗ್ತಾರೆ?" ಎಂದು ನಕ್ಕರು. ಅವರದ್ದು ತಪ್ಪಲ್ಲ. ಆದರೆ ಹೊಂಡೆಲಿಯಂಥ ಪುಟ್ಟ ಮೀನು ಸಿಗದ ದಿನ ಟ್ಯೂನಾ ದೋಣಿಯೂ ಹೊರಡುವುದಿಲ್ಲ. ಇಡೀ ಕಸುಬು ನಿಂತಿರುವುದೇ ತೂಗದ ಮೀನಿನ ಮೇಲೆ.

ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪಾಲಿ 1990ರ ದಶಕದಿಂದ ಜಗಳ ತೆಗೆದಿರುವುದು ಇದರ ಬಗ್ಗೆಯೇ. ಮಾಹಿತಿ ಇಲ್ಲವೆಂದು ಕೋಷ್ಟಕದಲ್ಲಿ ಖಾಲಿ ಬಿಟ್ಟ ಜಾಗ ಕೂಡುವಾಗ ಸೊನ್ನೆಯಾಗಿಬಿಡುತ್ತದೆ; ಜನ ಮೀನು ತಿಂದು ಬದುಕುವ ದ್ವೀಪದಲ್ಲಿ ಖಂಡಿತ ತಪ್ಪಾದ ಸಂಖ್ಯೆ ಸೊನ್ನೆಯೊಂದೇ. ಪಾಲಿ, ಡರ್ಕ್ ಜೆಲ್ಲರ್ ಮತ್ತವರ ಬಳಗ ಪೆಸಿಫಿಕ್ ದ್ವೀಪಗಳಾದ ಅಮೆರಿಕನ್ ಸಮೋವಾದ 1950ರಿಂದ 2002ರವರೆಗಿನ ಲೆಕ್ಕವನ್ನು ಹೊಸದಾಗಿ ಕಟ್ಟಿತು. ಮನೆಬಳಕೆಗೆ ಹಿಡಿದದ್ದನ್ನು ಸೇರಿಸಿದಾಗ ಮೊತ್ತ ಅಧಿಕೃತ ಅಂಕಿಯ ಹಲವು ಪಟ್ಟಾಯಿತು. ಅಷ್ಟೇ ಅಲ್ಲ, ಆ ಅರ್ಧ ಶತಮಾನದಲ್ಲಿ ಹವಳದ ದಿಬ್ಬದ ಮೀನುಗಾರಿಕೆ ಮುಕ್ಕಾಲಿಗಿಂತ ಹೆಚ್ಚು ಕುಸಿದಿತ್ತು. 2016ರಲ್ಲಿ ಇದೇ ಕ್ರಮವನ್ನು ಜಗತ್ತಿಗೆಲ್ಲ ಅನ್ವಯಿಸಿ, 1996ರಲ್ಲಿ ಹಿಡಿದ ಮೀನು 8.6 ಕೋಟಿ ಟನ್ನಲ್ಲ, 13 ಕೋಟಿ ಟನ್ ಎಂದರು.

ಮಿನಿಕಾಯ್‌ನಲ್ಲಿ ಖಾಲಿ ಜಾಗ ತುಂಬುವ ಈ ಆಟವನ್ನು ನಾನೂ ಆಡಿದೆ. ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ಕಟ್ಟಿಗೆಯಂಥ ಮಾಸ್‌ಮಿನ್. ಸುಮಾರು ಐದು ಕಿಲೋ ಹಸಿ ಮೀನಿಗೆ ಒಂದು ಕಿಲೋ. ಹಾಗಾಗಿ ಹಡಗು ಹತ್ತಿದ ಮೂಟೆಗಳಿಂದ ಹಿಂದಕ್ಕೆ ಎಣಿಸಬಹುದು. ತಿಂದದ್ದಕ್ಕೆ? 2011ರ ಜನಗಣತಿಯಂತೆ ಇಡೀ ಲಕ್ಷದ್ವೀಪದ ಜನ 64,473. ತಲೆಗೆ ದಿನಕ್ಕೆ 100 ಗ್ರಾಂ ಎಂದು ಸುಮ್ಮನೆ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 2,350 ಟನ್. 150 ಗ್ರಾಂ ಅಂದರೆ 3,500 ದಾಟುತ್ತದೆ. ಐವತ್ತು ಗ್ರಾಮಿನ ಊಹೆಗೆ ಸಾವಿರ ಟನ್ನಿಗೂ ಮೀರಿದ ವ್ಯತ್ಯಾಸ! ನನಗೆ ಗುಮಾನಿ ಇರುವುದು ಇಲ್ಲೇ. ತಿನ್ನುವ ಪ್ರಮಾಣಕ್ಕೆ ಆಧಾರ ಯಾವುದೋ ಒಂದು ವರ್ಷದ ಸಮೀಕ್ಷೆ, ಇನ್ಯಾವುದೋ ದಶಕದ ಮತ್ತೊಂದು, ನಡುವಿನ ವರ್ಷಗಳಿಗೆ ಎಳೆದ ಗೆರೆ. ಪಾಲಿ ಬಳಗವೂ ಬಹಳಷ್ಟು ಕಡೆ ಮಾಡುವುದು ಇದನ್ನೇ. ಆದರೂ ಸೊನ್ನೆಗಿಂತ ಗೆರೆಯೇ ವಾಸಿ ಎನ್ನುವವರ ಪಕ್ಷ ನನ್ನದು.

ಎಣಿಸುವುದು ಸರ್ಕಾರಗಳಿಗೆ ಬಾರದ ವಿದ್ಯೆಯೇನಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಮೇಲೆ ಬ್ರಿಟಿಷ್ ಸರ್ಕಾರದ ಏಕಸ್ವಾಮ್ಯವಿತ್ತು. ನಾರು ಕೊಟ್ಟವರಿಗೆ ಅಕ್ಕಿ ಅಳೆದು ಕೊಡುತ್ತಿದ್ದರು. ಆದಾಯ ತರುವ ನಾರಿಗೆ ತಕ್ಕಡಿ ಇತ್ತು, ಊಟದ ಮೀನಿಗಿರಲಿಲ್ಲ.

ಈಗ ಕೆಲವು ದ್ವೀಪಗಳಲ್ಲಿ ದಕ್ಷಿಣ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆ ಸೇರಿ ಮೀನುಗಾರರೇ ತಮ್ಮ ದೋಣಿಯ ಲೆಕ್ಕ ಬರೆದಿಡುತ್ತಿದ್ದಾರೆ. ಒಳ್ಳೆಯದೇ. ಆದರೆ ಇಳಿತದ ವೇಳೆ ಹವಳದ ದಿಬ್ಬದ ಮೇಲೆ ನಡೆದು, ಸಂದಿಯಲ್ಲಿ ಕೂತ ಆಕ್ಟೋಪಸ್ಸನ್ನು ಕಡ್ಡಿಯಿಂದ ತಿವಿದು ತೆಗೆಯುವವರಿಗೆ ದೋಣಿಯೇ ಇಲ್ಲ, ದೋಣಿಯ ಪುಸ್ತಕ ಎಲ್ಲಿಂದ ಬರಬೇಕು? ಅವರ ಲೆಕ್ಕ ಸಿಗುವುದು ಅಡುಗೆಮನೆಯಲ್ಲಿ ಕೂತು ಕೇಳಿದರೆ ಮಾತ್ರ. ಕೇಳುವವರು ಅದೇ ಊರಿನ ಹೆಂಗಸರಾದರೆ ಆ ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ.